ಗೆಳೆಯನಿಗೊಂದು ಪತ್ರ: ಗೈಡ್ ಇಲ್ಲದೆ ಲ ಪ್ವಿಯಿಂದ ಕೊಂಕ್‌ವರೆಗೆ

ಪ್ರಿಯ ಗೆಳೆಯಾ,

ಜೂನ್ ತಿಂಗಳಲ್ಲಿ ನೀವಿಬ್ಬರೂ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ನಡೆಯಬೇಕೆಂದು ನಿರ್ಧರಿಸಿದ್ದು ಓದಿ ತುಂಬಾ ಖುಷಿಯಾಯಿತು. ಗೈಡ್ ಬೇಕಾ ಅಂತ ಕೇಳಿದ್ದೀಯ. ಬೇಡ. ಆದರೆ ಗೈಡ್ ಮಾಡುವ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ, ಅದನ್ನು ನೀನು ಮೂರು ತಿಂಗಳು ಮೊದಲೇ ಮನೆಯಲ್ಲಿ ಕೂತು ಮಾಡಬೇಕು. ಇಂಥ ನಡಿಗೆ ದಾರಿ ತಪ್ಪಿ ಕೆಡುವುದು ಅಪರೂಪ. ರಾತ್ರಿಗೆ ಹಾಸಿಗೆ ಸಿಗದೆ, ಮಧ್ಯಾಹ್ನಕ್ಕೆ ಬ್ರೆಡ್ ಸಿಗದೆ, ಮೊದಲೆರಡು ದಿನ ಹುಮ್ಮಸ್ಸಿನಲ್ಲಿ ಅತಿಯಾಗಿ ನಡೆದು ಕೆಡುವುದೇ ಹೆಚ್ಚು.

ಹೀಗೆ ತಾವೇ ನಡೆಯುವುದಕ್ಕೆ ಫ್ರೆಂಚರು 'ರಾಂದೊನೇ ಆನ್ ಲಿಬೆರ್ತೇ' ಅನ್ನುತ್ತಾರೆ. ದುಡ್ಡು ಕೊಟ್ಟರೆ ಕಂಪನಿಗಳು ಕೋಣೆ ಕಾದಿರಿಸಿ, ನಕ್ಷೆ ಮತ್ತು ದಾರಿಪುಸ್ತಕ ಕೈಗಿತ್ತು, ಲಗೇಜನ್ನು ಊರಿಂದ ಊರಿಗೆ ಸಾಗಿಸುತ್ತವೆ. ದೊರ್ದೋಞ್, ಲ್ಯುಬೆರೋಂ ಎಂಬ ಪ್ರದೇಶಗಳ ಕಡೆ ಸುತ್ತು ಹೊಡೆಯುವುದಾದರೆ ಅದು ಒಳ್ಳೆಯದೇ, ಏಕೆಂದರೆ ಅಲ್ಲಿ ತಂಗುವ ಜಾಗಗಳು ನಡೆಯುವವರ ಅಳತೆಗೆ ಸಾಲಾಗಿ ಇಲ್ಲ. ನಿಮಗೆ ನಾನು ಹೇಳುವುದು ಜಿ.ಆರ್. 65, ಅಂದರೆ ಫ್ರಾನ್ಸಿನ ದೂರದ ಕಾಲ್ನಡಿಗೆ ದಾರಿಗಳಲ್ಲಿ 65ನೆಯ ಸಂಖ್ಯೆಯದು. ಇದು ಲ ಪ್ವಿ-ಆನ್-ವೆಲೇ ಪಟ್ಟಣದಿಂದ ಸ್ಪೇನಿನ ಗಡಿಯ ಕಡೆಗೆ ಹೋಗುವ ಹಳೆಯ ಯಾತ್ರಾ ಮಾರ್ಗ. ಲ ಪ್ವಿಯ ಬಿಷಪ್ ಗೊದೆಸ್ಕಾಲ್ಕ್ 10ನೇ ಶತಮಾನದ ನಡುವಿನಲ್ಲೇ ಇಲ್ಲಿಂದ ಸ್ಪೇನಿನ ಯಾತ್ರಾಸ್ಥಳ ಸಾಂತಿಯಾಗೊಗೆ ಹೊರಟಿದ್ದ. ಇಷ್ಟು ಕಾಲ ಜನ ನಡೆದ ದಾರಿಯಾದ್ದರಿಂದ ಊಟ, ಹಾಸಿಗೆ, ಲಗೇಜ್ ಸಾಗಣೆ ಎಲ್ಲವೂ ನಡೆಯುವವರಿಗೆ ಹೊಂದಿಕೊಂಡೇ ಬೆಳೆದಿವೆ. ಇಲ್ಲಿ ಕಂಪನಿಗೆ ಹೆಚ್ಚಿನ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಲ ಪ್ವಿಯಿಂದ ಕೊಂಕ್ ಎಂಬ ಹಳ್ಳಿಯವರೆಗೆ ಸುಮಾರು 200 ಕಿ.ಮೀ. ಹನ್ನೊಂದು ದಿನ ಇಟ್ಟುಕೊಳ್ಳಿ, ಹತ್ತಕ್ಕೆ ಇಳಿಸಬೇಡಿ.

ದಿನಗಳ ಲೆಕ್ಕ ಹೀಗೆ. ಮೊದಲ ದಿನ ಸ್ಯಾಂ-ಪ್ರಿವಾ-ದಾಲಿಯೇ, 24 ಕಿ.ಮೀ. ಎರಡನೆಯದು ಸೋಗ್, 19. ಆಮೇಲೆ ಲ ಸೊವಾಜ್ ಎಂಬ, ಒಂಟಿಯಾಗಿ ನಿಂತ ಕಲ್ಲಿನ ತೋಟದಮನೆ, ಮತ್ತೆ 19. ಅಲ್ಲಿಂದ ಸ್ಯಾಂತ್-ಆಲ್ಬಾಂ 13, ಓಮೋಂ-ಓಬ್ರಾಕ್ 15. ಆರನೆಯ ದಿನ ನಸ್ಬಿನಾಲ್, 26. ಏಳಕ್ಕೆ ಸ್ಯಾಂ-ಶೆಲಿ-ದೋಬ್ರಾಕ್ 17, ಎಂಟಕ್ಕೆ ಎಸ್ಪಾಲಿಯೋಂ 22, ಮುಂದೆ ಎಸ್ತ್ಯಾಂ 12, ಗೊಲಿನ್ಯಾಕ್ 14, ಕೊನೆಗೆ ಕೊಂಕ್ 21. ಎಲ್ಲವೂ ಅಂದಾಜು, ಝೀತ್ (ನಡೆಯುವವರು ತಂಗುವ ಮನೆ) ಊರಾಚೆ ಇದ್ದರೆ ಒಂದೆರಡು ಕಿ.ಮೀ. ಹೆಚ್ಚುಕಡಿಮೆ ಆಗುತ್ತದೆ.

ಕಿಲೋಮೀಟರ್ ಮಾತ್ರ ನೋಡಿ ದಿನ ಅಳೆಯಬೇಡ. ಗಂಟೆಗೆ 4 ಕಿ.ಮೀ. ಅಂತ ಹಿಡಿ, ಪ್ರತಿ 300 ಮೀಟರ್ ಏರಿಗೆ ಅರ್ಧ ಗಂಟೆ ಸೇರಿಸು, ಅದರ ಮೇಲೆ ಊಟ-ವಿಶ್ರಾಂತಿಗೆ ಎರಡು ಗಂಟೆ. ಎರಡನೆಯ ದಿನ ಬರೀ 19 ಕಿ.ಮೀ. ಅನಿಸುತ್ತದೆ, ಆದರೆ ಕಾಲು ನೋಯಿಸುವ ದಿನ ಅದೇ. ನಡುವೆ ಸಿಗುವ ಮೊನಿಸ್ತ್ರೋಲ್ ಎಂಬ ಊರಿಗೆ ಇಳಿಯುವ ದಾರಿ ಬರೀ ಕಲ್ಲು, ಮಳೆ ಬಿದ್ದರೆ ಜಾರುತ್ತದೆ. ಸುಮಾರು 600 ಮೀಟರ್ ಎತ್ತರದ ಆ ನದಿ ಕಣಿವೆಯಿಂದ ಮತ್ತೆ 1,000 ಮೀಟರ್ ದಾಟುವವರೆಗೆ ಒಂದೇ ಸಮನೆ ಏರು. ಮೊದಲ ದಿನ 24 ನಡೆದು ಬಂದ ಮೊಣಕಾಲಿಗೆ ಈ ಇಳಿಜಾರು ಸಿಕ್ಕರೆ ಮೂರನೆಯ ದಿನ ಕುಂಟುವುದು ಖಂಡಿತ. ಅದಕ್ಕೇ ಮೊದಲ ರಾತ್ರಿ ಸಾಧ್ಯವಾದರೆ ಮೋಂಬೊನೆ ಎಂಬ ಹಳ್ಳಿಯಲ್ಲೇ ಉಳಿಯಿರಿ, 16 ಕಿ.ಮೀ.ಗೆ ಮುಗಿಯುತ್ತದೆ, ಎರಡನೆಯ ರಾತ್ರಿ ಮೊನಿಸ್ತ್ರೋಲ್, ಮೂರನೆಯದು ಸೋಗ್. ಒಂದು ದಿನ ಹೆಚ್ಚಾದರೂ ಉಳಿದ ದಿನಗಳು ಸಲೀಸಾಗುತ್ತವೆ. ಮೊನಿಸ್ತ್ರೋಲ್‌ನಲ್ಲಿ ರೈಲು ನಿಲ್ದಾಣವೂ ಇದೆ, ಓಮೋಂ-ಓಬ್ರಾಕ್‌ನಲ್ಲಿ ಇನ್ನೊಂದು. ಯಾರಿಗಾದರೂ ಹುಷಾರು ತಪ್ಪಿದರೆ ಹೊರಬೀಳಲು ಇವೆರಡು ಜಾಗ ನೆನಪಿರಲಿ.

ಇನ್ನು ದಾರಿಯ ಗುರುತು. ಅಂಗೈ ಅಗಲದ ಎರಡು ಅಡ್ಡ ಪಟ್ಟಿ, ಮೇಲೆ ಬಿಳಿ, ಕೆಳಗೆ ಕೆಂಪು. ಮರದ ಕಾಂಡ, ಕಲ್ಲುಗೋಡೆ, ವಿದ್ಯುತ್ ಕಂಬ, ಹಳ್ಳಿಯೊಳಗಾದರೆ ಮನೆಯ ಮಳೆನೀರಿನ ಕೊಳವೆಯ ಮೇಲೂ ಇರುತ್ತದೆ. ಪಟ್ಟಿಗಳ ಕೆಳಗೆ ಬಾಣ ಇದ್ದರೆ ಆ ಕಡೆ ತಿರುವು. ಬಿಳಿ-ಕೆಂಪು ಗೆರೆಗಳು ಒಂದರ ಮೇಲೊಂದು ಹಾಯ್ದು ಗುಣಾಕಾರ ಚಿಹ್ನೆಯಂತಿದ್ದರೆ ಆ ದಾರಿ ನಿನ್ನದಲ್ಲ. ಬರೀ ಹಳದಿ ಪಟ್ಟಿ ಆ ಊರಿನ ಸಣ್ಣ ಸುತ್ತುದಾರಿಯದು. ಹಳದಿ-ಕೆಂಪು ಆ ಪ್ರಾಂತ್ಯದೊಳಗಿನ ದೊಡ್ಡ ಸುತ್ತಿನದು. ಗೊತ್ತಿರುವವರೂ ಎಡವುವುದು ಇನ್ನೊಂದು ಕಡೆ. ಎಲ್ಲ ಜಿ.ಆರ್. ದಾರಿಗಳಿಗೂ ಇದೇ ಬಿಳಿ-ಕೆಂಪು, ಗುರುತಿನ ಮೇಲೆ ದಾರಿಯ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಲ ಪ್ವಿ ಪಟ್ಟಣದಲ್ಲೇ ಜಿ.ಆರ್. 3, 40, 65, 70 ಸೇರುತ್ತವೆ. ಊರು ಬಿಡುವಾಗ ಗುರುತು ಸರಿಯಾಗಿಯೇ ಹಿಡಿದು ಬೇರೆ ದಿಕ್ಕಿಗೆ ಹೋಗಿಬಿಡಬಹುದು. ಕವಲು ಬಂದಲ್ಲೆಲ್ಲ ಫಲಕದಲ್ಲಿ 65 ಎಂಬ ಅಂಕಿಯನ್ನೋ ಈ ಯಾತ್ರೆಯ ಗುರುತಾದ ಹಳದಿ-ನೀಲಿ ಚಿಪ್ಪಿನ ಚಿತ್ರವನ್ನೋ ಹುಡುಕು.

ಹತ್ತು ನಿಮಿಷ ನಡೆದರೂ ಗುರುತು ಕಾಣದಿದ್ದರೆ ಮುಂದೆ ಸಿಕ್ಕೀತು ಎಂದು ಹೋಗಬೇಡಿ. ಕೊನೆಯ ಗುರುತಿಗೆ ವಾಪಸ್ ಬನ್ನಿ. ಗುರುತಿದ್ದ ಮರವನ್ನು ಕಡಿದಿರುವುದು, ಬೇಲಿಗಿಡ ಬೆಳೆದು ಕಂಬ ಮುಚ್ಚಿರುವುದು ಮಾಮೂಲು. ತಪ್ಪುವುದು ಬಹುತೇಕ ಮಾತಾಡುತ್ತಾ ಅಗಲವಾದ ದಾರಿಯಲ್ಲಿ ನೇರ ಸಾಗುವಾಗಲೇ, ಏಕೆಂದರೆ ತಿರುವು ಸಣ್ಣ ಕಾಲುದಾರಿಗೆ ಇರುತ್ತದೆ. ಫ್ರಾನ್ಸಿನ ನಕ್ಷೆಗಳನ್ನು ತಯಾರಿಸುವ ಐ.ಜಿ.ಎನ್. ಸಂಸ್ಥೆಯ 1:25,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ 250 ಮೀಟರ್, ತೋಟದಮನೆಯೂ ಕಾಣುತ್ತದೆ. ಅದನ್ನು ಫೋನಿಗೆ ಮೊದಲೇ ಇಳಿಸಿಕೊ. ಮಾರ್ಜೆರೀದ್ ಕಾಡಿನಲ್ಲಿ, ಓಬ್ರಾಕ್ ಬಯಲಿನಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ.

ಓಬ್ರಾಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಈ ದಾರಿಯ ಜೀವ ಇರುವುದು ಅಲ್ಲಿ. ನಸ್ಬಿನಾಲ್ ದಾಟಿದ ಮೇಲೆ ಮರವೇ ಇಲ್ಲದ ಹುಲ್ಲುಗಾವಲು, ಕಪ್ಪು ಕಲ್ಲಿನ ಗೋಡೆಗಳು, 1,300 ಮೀಟರ್ ಎತ್ತರ. ನಸ್ಬಿನಾಲ್‌ನಿಂದ ಸ್ಯಾಂ-ಶೆಲಿವರೆಗಿನ 17 ಕಿ.ಮೀ. 1998ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬಣ್ಣ ಬಳಿಯಲು ಮರವಿಲ್ಲದ ಕಾರಣ ಗುರುತುಗಳು ಬೇಲಿಗೂಟದ ಮೇಲಿರುತ್ತವೆ, ಮಂಜು ಕವಿದರೆ ಒಂದು ಗೂಟದಿಂದ ಇನ್ನೊಂದು ಕಾಣುವುದಿಲ್ಲ. 12ನೇ ಶತಮಾನದಲ್ಲಿ ಓಬ್ರಾಕ್ ಹಳ್ಳಿಯಲ್ಲಿ ಯಾತ್ರಿಕರ ಆಶ್ರಯಧಾಮ ಕಟ್ಟಿದವರು ಅಲ್ಲಿ ಒಂದು ಗಂಟೆ ತೂಗುಹಾಕಿದ್ದರು. ಮಂಜಿನಲ್ಲಿ ದಾರಿ ತಪ್ಪಿದವರು ಸದ್ದು ಕೇಳಿ ಬರಲಿ ಎಂದು ಅದನ್ನು ಬಾರಿಸುತ್ತಿದ್ದರು. 'ದಾರಿ ತಪ್ಪಿದವರ ಗಂಟೆ' ಎಂದೇ ಅದರ ಹೆಸರು. ಬೆಳಿಗ್ಗೆ ಮಂಜು ದಟ್ಟವಾಗಿದ್ದರೆ ನಸ್ಬಿನಾಲ್‌ನಲ್ಲೇ ಇನ್ನೊಂದು ಕಾಫಿ ಕುಡಿದು ಕಾಯಿರಿ, 17 ಕಿ.ಮೀ. ದಿನಕ್ಕೆ ಅಷ್ಟು ಬಿಡುವು ಇದೆ. ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಮೋಡ ಕಟ್ಟುವ ಮೊದಲೇ ಬಯಲು ದಾಟಿರಬೇಕು, ಅಲ್ಲಿ ಆಸರೆಗೆ ಏನೂ ಇಲ್ಲ.

ದಾರಿ ದನಗಳ ಹುಲ್ಲುಗಾವಲಿನ ಮಧ್ಯೆಯೇ ಹಾಯುತ್ತದೆ. ಓಬ್ರಾಕ್ ತಳಿಯ ಹಸು ಗೋಧಿ ಬಣ್ಣದ್ದು, ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು. ಮೇ 25ರ ಆಸುಪಾಸು ಅವುಗಳನ್ನು ಮೇಲಿನ ಬಯಲಿಗೆ ಹೊಡೆದು ತರುತ್ತಾರೆ, ನೀವು ಹೋಗುವಾಗ ಕರುಗಳೊಂದಿಗೆ ಅಲ್ಲೇ ಇರುತ್ತವೆ. ನಮ್ಮ ಮನೆಯ ಹಸುಗಳಂತೆ ಮೈದಡವಲು ಹೋಗಬೇಡಿ. ತಾಯಿಗೂ ಕರುವಿಗೂ ನಡುವೆ ಎಂದೂ ನುಗ್ಗಬಾರದು. ಮಂದೆ ದಾರಿಯಲ್ಲೇ ನಿಂತಿದ್ದರೆ ದೂರದಿಂದ ಸುತ್ತಿ ಹೋಗಿ. ಬೇಲಿಗೆ ಮಲೆನಾಡಿನ ಉಣಗೋಲಿನ ಹಾಗೆ ತೆಗೆದು ಹಾಕುವ ಬಾಗಿಲುಗಳಿವೆ. ದಾಟಿದ ಮೇಲೆ ಮುಚ್ಚಲೇಬೇಕು. ತಂತಿಯಲ್ಲಿ ಕರೆಂಟ್ ಇರುತ್ತದೆ, ಪ್ಲಾಸ್ಟಿಕ್ ಹಿಡಿಯನ್ನೇ ಹಿಡಿದು ಕೊಂಡಿ ಬಿಚ್ಚಿ.

ತಂಗುವುದಕ್ಕೆ ಎರಡು ಬಗೆ. 'ಝೀತ್ ದೆತಾಪ್' ಎಂದರೆ ಸಾಲು ಮಂಚಗಳ ಕೋಣೆ, ಕೆಲವು ಕಡೆ ಇಬ್ಬರ ಕೋಣೆಯೂ ಉಂಟು. 'ಶಾಂಬ್ರ್ ದೋತ್' ಎಂದರೆ ಮನೆಯವರೇ ಬಾಡಿಗೆಗೆ ಕೊಡುವ ಕೋಣೆ. ಎರಡರಲ್ಲೂ 'ದೆಮಿ-ಪಾಂಸಿಯೋಂ' ಕೇಳಿ, ರಾತ್ರಿ ಊಟ, ಹಾಸಿಗೆ, ಬೆಳಗಿನ ತಿಂಡಿ ಸೇರಿ ಒಂದೇ ದರ. ಹಳ್ಳಿಯಲ್ಲಿ ಬೇರೆ ಹೋಟೆಲು ಇಲ್ಲದಿರುವುದರಿಂದ ಇದೇ ಭದ್ರ. ಝೀತ್‌ನಲ್ಲಿ ಹೊದಿಕೆ ಇದ್ದರೂ ಹಾಸುಬಟ್ಟೆ ಇರುವುದಿಲ್ಲ, ಚೀಲದಂತೆ ಹೊಲಿದ ತೆಳು ಹತ್ತಿ ಬಟ್ಟೆ ಒಯ್ಯಿರಿ. ಶೂ ಬಾಗಿಲಲ್ಲೇ. ತಿಗಣೆ ಬರಬಾರದೆಂದು ಬೆನ್ನುಚೀಲವನ್ನೂ ಕೆಲವರು ಕೋಣೆಯೊಳಗೆ ಬಿಡುವುದಿಲ್ಲ, ಬೇಸರಪಡಬೇಡಿ. ಊಟ ಏಳು, ಏಳೂವರೆಗೆ, ಎಲ್ಲರೂ ಒಂದೇ ಮೇಜಿಗೆ. ಬರುವುದು ತಡವಾದರೆ ಅಥವಾ ಬರುವುದಿಲ್ಲವಾದರೆ ಫೋನ್ ಮಾಡಲೇಬೇಕು. ಇಲ್ಲದಿದ್ದರೆ ನಿಮಗೇನಾಯಿತೋ ಎಂದು ಅವರು ಹುಡುಕಲು ಶುರುಮಾಡುತ್ತಾರೆ. ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ. ನಗದು ಸೋಗ್, ಓಮೋಂ-ಓಬ್ರಾಕ್, ಎಸ್ಪಾಲಿಯೋಂ ಊರುಗಳಲ್ಲಿ ತೆಗೆದುಕೊಳ್ಳಿ. ಮೇ ತಿಂಗಳ ರಜೆಗಳಲ್ಲಿ, ಪೆಂಟೆಕೋಸ್ಟ್ ಎಂಬ ಕ್ರೈಸ್ತ ಹಬ್ಬದ ವಾರಾಂತ್ಯದಲ್ಲಿ ಫ್ರೆಂಚರೇ ಗುಂಪುಗುಂಪಾಗಿ ನಡೆಯುತ್ತಾರೆ. ನಿಮ್ಮ ತಾರೀಕು ಅದಕ್ಕೆ ತಾಗಿದರೆ ಲ ಸೊವಾಜ್ ಅನ್ನು ಎಲ್ಲಕ್ಕಿಂತ ಮೊದಲು ಕಾದಿರಿಸು, ಅದರ ಸುತ್ತಮುತ್ತ ಊರೇ ಇಲ್ಲ.

ನೀವು ಸಸ್ಯಾಹಾರಿಗಳಾದ್ದರಿಂದ ಇದನ್ನು ಕಾದಿರಿಸುವಾಗಲೇ ಬರೆಯಬೇಕು, ಸಂಜೆ ಮೇಜಿನ ಮುಂದೆ ಕೂತು ಹೇಳಿದರೆ ಆಗುವುದಿಲ್ಲ. 'ನಿ ವ್ಯಾಂದ್, ನಿ ಪ್ವಾಸೋಂ' ಎಂದರೆ ಮಾಂಸವೂ ಇಲ್ಲ, ಮೀನೂ ಇಲ್ಲ. ಅದಕ್ಕೆ 'ನಿ ಲಾರ್ದೋಂ' ಎಂದೂ ಸೇರಿಸಿ. ಹಂದಿಮಾಂಸದ ಆ ಸಣ್ಣ ತುಣುಕುಗಳನ್ನು ಸಲಾಡಿಗೂ ಲ ಪ್ವಿಯ ಪ್ರಸಿದ್ಧ ಹಸಿರು ಬೇಳೆಕಾಳಿಗೂ ಹಾಕುತ್ತಾರೆ, ಎಷ್ಟೋ ಜನ ಅದನ್ನು ಮಾಂಸವೆಂದೇ ಲೆಕ್ಕಕ್ಕೆ ಇಡುವುದಿಲ್ಲ. ಸೂಪಿಗೆ ಮಾಂಸದ ರಸ ಹಾಕಿದ್ದಾರಾ ಅಂತಲೂ ಕೇಳಿ. ಓಬ್ರಾಕ್‌ನಲ್ಲಿ ನಿಮಗೆ ಹಬ್ಬ: ಅಲಿಗೊ. ಒಂದು ಕಿಲೋ ಆಲೂಗಡ್ಡೆ ಬೇಯಿಸಿ ನುಣ್ಣಗೆ ಮಸೆದು, ಬೆಣ್ಣೆ, ಕೆನೆ, ಜಜ್ಜಿದ ಬೆಳ್ಳುಳ್ಳಿ ಹಾಕಿ, 400 ಗ್ರಾಂನಷ್ಟು ಹೊಸ ತೊಮ್ ಚೀಸ್ ಸೇರಿಸಿ ಸಣ್ಣ ಉರಿಯಲ್ಲಿ ಮರದ ಹುಟ್ಟಿನಿಂದ ಒಂದೇ ಸಮ ತಿರುವುತ್ತಾರೆ. ಹುಟ್ಟು ಎತ್ತಿದರೆ ಎಳೆಎಳೆಯಾಗಿ ಆಳೆತ್ತರಕ್ಕೆ ಏಳಬೇಕು. ಪಕ್ಕದಲ್ಲಿ ಸಾಸೇಜ್ ಇಡುವುದು ರೂಢಿ, ಅದಿಲ್ಲದೆ ಕೊಡಿ ಎಂದರೆ ಸಾಕು. ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಅದು ನಿಮಗೆ ಆಗದಿದ್ದರೆ ಈಗಲೇ ಗೊತ್ತಿರಲಿ.

ಮಧ್ಯಾಹ್ನದ ಬುತ್ತಿಯನ್ನು ಹಿಂದಿನ ರಾತ್ರಿಯೇ ಝೀತ್‌ನಲ್ಲಿ ಹೇಳಿ ಕಟ್ಟಿಸಿಕೊಳ್ಳಿ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಹಳ್ಳಿಯ ಅಂಗಡಿಗಳು ಮುಚ್ಚಿರುವುದುಂಟು, ಹೋಟೆಲಿನಲ್ಲಿ ಎರಡು ಗಂಟೆಯ ಮೇಲೆ ಊಟ ಸಿಗುವುದಿಲ್ಲ. ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಧಾರವಾಡ ಪೇಡ, ತುಪ್ಪ ಬೇಡ: ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ನೀರು ತಲಾ ಎರಡು ಲೀಟರ್ ಇರಲಿ. ನಲ್ಲಿಯ ಮೇಲೆ 'ಓ ನೋಂ ಪೊತಾಬ್ಲ್' ಎಂದಿದ್ದರೆ ಕುಡಿಯಬಾರದು. ಎಲ್ಲೂ ಸಿಗದಿದ್ದರೆ ಊರಿನ ಸ್ಮಶಾನ ಹುಡುಕಿ, ಹೂಗಿಡಗಳಿಗೆಂದು ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ. ಫಲಕ ಮಾತ್ರ ಅಲ್ಲೂ ನೋಡಬೇಕು.

ಲಗೇಜ್ ಸಾಗಿಸುವ ವ್ಯಾನುಗಳಿಗೆ ಬೆಳಿಗ್ಗೆ ಎಂಟರೊಳಗೆ ಚೀಲ ಬಾಗಿಲ ಬಳಿ ಇಟ್ಟಿರಬೇಕು, ಆ ರಾತ್ರಿಯ ಝೀತ್‌ನ ಹೆಸರು ಅದರ ಮೇಲಿರಬೇಕು. ತೂಕದ ಮಿತಿ ಸಾಮಾನ್ಯವಾಗಿ 13 ಕೆ.ಜಿ. ಆಸುಪಾಸು. ಮಳೆಯಂಗಿ, ಔಷಧಿ, ಪಾಸ್‌ಪೋರ್ಟ್ ಮಾತ್ರ ಬೆನ್ನ ಮೇಲೇ ಇರಲಿ. ಹೊಸ ಶೂ ಹಾಕಿಕೊಂಡು ವಿಮಾನ ಹತ್ತಬೇಡಿ. ಅದೇ ಶೂನಲ್ಲಿ ಕನಿಷ್ಠ 100 ಕಿ.ಮೀ. ಇಲ್ಲೇ ನಡೆದಿರಿ. ಗುಳ್ಳೆ ಏಳುವುದು ಬೆವರಿಗೆ ನೆನೆದ ಚರ್ಮ ಉಜ್ಜಿದಾಗ. ಹಿಮ್ಮಡಿ ಬಿಸಿಯಾದಂತೆ ಅನಿಸಿದ ಕೂಡಲೇ ಕೂತು, ಒಣಗಿಸಿ, ಟೇಪ್ ಅಂಟಿಸಬೇಕು. ಮುಂದಿನ ಹಳ್ಳಿಯಲ್ಲಿ ನೋಡೋಣ ಎಂದರೆ ಅಷ್ಟರಲ್ಲಿ ಎದ್ದಿರುತ್ತದೆ. ಸಂಜೆ ಸ್ನಾನದ ಹೊತ್ತಿಗೆ ಮಂಡಿಯ ಹಿಂದೆ, ತೊಡೆಸಂದಿಯಲ್ಲಿ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿದೆಯೇ ನೋಡಿಕೊಳ್ಳಿ. ಕೀಳುವ ಸಣ್ಣ ಕೊಕ್ಕೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ತುರ್ತಿಗೆ 112.

ವೀಸಾಗೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡಮಾಡುವಂತಿಲ್ಲ. ವಿಮೆ ಕನಿಷ್ಠ 30,000 ಯೂರೋ. ಪ್ರತಿ ರಾತ್ರಿ ಬೇರೆ ಊರು ಎಂಬುದೇ ಇಲ್ಲಿ ತೊಡಕು, ಏಕೆಂದರೆ ಎಲ್ಲ ರಾತ್ರಿಗೂ ವಸತಿಯ ದಾಖಲೆ ಬೇಕು, ಆದರೆ ಹಲವು ಝೀತ್‌ನವರು ಫೋನಿನಲ್ಲೇ ಆಯಿತು ಎಂದುಬಿಡುತ್ತಾರೆ. ನಿಮ್ಮಿಬ್ಬರ ಹೆಸರು, ತಾರೀಕು, ವಿಳಾಸ ಇರುವ ಒಂದು ಇಮೇಲ್ ಪ್ರತಿಯೊಬ್ಬರಿಂದಲೂ ಕೇಳಿ ಪಡೆ. ತಾರೀಕು, ಊರು, ಝೀತ್, ಕಿಲೋಮೀಟರ್ ಹಾಕಿದ ಒಂದು ಪಟ್ಟಿ ಮಾಡಿ ಆ ದಾಖಲೆಗಳ ಮೇಲಿಡು.

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಶಾರ್ಲ್ ದ ಗೋಲ್ ನಿಲ್ದಾಣದಿಂದಲೇ ಲಿಯೋಂಗೆ ವೇಗದ ರೈಲು, ಸುಮಾರು ಎರಡು ಗಂಟೆ. ಅಲ್ಲಿಂದ ಸ್ಯಾಂತೆತಿಯೆನ್ ಮೂಲಕ ಲ ಪ್ವಿ. ಬಂದ ಮರುದಿನವೇ ನಡೆಯಲು ಹೊರಡಬೇಡಿ, ಒಂದು ದಿನ ಅಲ್ಲಿರಿ.

ಕೊನೆಯ ದಿನ ಗೊಲಿನ್ಯಾಕ್‌ನಿಂದ ಬೇಗ ಹೊರಡಿ. ಕೊಂಕ್‌ಗೆ ಇಳಿಯುವ ದಾರಿ ಕಡಿದು, ಕಲ್ಲು ತುಂಬಿದ್ದು, ದಣಿದ ಕಾಲಿಗೆ ಕೋಲು ಬೇಕೇ ಬೇಕು. ಸ್ಯಾಂತ್-ಫ್ವಾ ಚರ್ಚಿನ ಬಾಗಿಲ ಮೇಲಿನ ಅಂತಿಮ ತೀರ್ಪಿನ ಕೆತ್ತನೆಯನ್ನು ಸಂಜೆಯ ಬೆಳಕಿನಲ್ಲಿ ನೋಡಬೇಕು, ಒಳಗೆ ಚಿತ್ರಕಾರ ಪಿಯೇರ್ ಸುಲಾಜ್ ಮಾಡಿದ ಬಣ್ಣವಿಲ್ಲದ ಕಿಟಕಿಗಳನ್ನೂ. ಕೊಂಕ್‌ಗೆ ರೈಲಿಲ್ಲ. ಋತುವಿನಲ್ಲಿ ಲಗೇಜ್‌ನವರ ಮಿನಿಬಸ್ಸೇ ಲ ಪ್ವಿಗೆ ವಾಪಸ್ ಕರೆದೊಯ್ಯುತ್ತದೆ, ಸೀಟು ಮೊದಲೇ ಹಿಡಿದಿರಬೇಕು. ಇಲ್ಲವಾದರೆ ಟ್ಯಾಕ್ಸಿಯಲ್ಲಿ ರೊದೇಜ್‌ಗೆ ಹೋಗಿ ರೈಲು ಹಿಡಿಯಿರಿ.

ರಾತ್ರಿಗಳ ಪಟ್ಟಿ ತಯಾರಾದ ಕೂಡಲೇ ನನಗೆ ಕಳಿಸು. ಓಮೋಂ-ಓಬ್ರಾಕ್‌ನಿಂದ ನಸ್ಬಿನಾಲ್‌ನ ಆ 26 ಕಿ.ಮೀ. ದಿನವನ್ನು ಎಲ್ಲಿ ಮುರಿಯಬಹುದೋ ನೋಡಿ ಹೇಳುತ್ತೇನೆ.

ಇಂತಿ ನಿನ್ನ
ಗೆಳೆಯ