ಹೂವಿಗೆ ಎಂಟು ಪೌಂಡ್ ಅಷ್ಟೇ ಅಮ್ಮಾ

ಲೀಡ್ಸ್, ಡಿಸೆಂಬರ್ 20

ಅಮ್ಮಾ,

ನಾನು ಚೆನ್ನಾಗಿದ್ದೇನೆ, ನೀವೆಲ್ಲ ಆರಾಮ ಅಂದುಕೊಂಡಿದ್ದೇನೆ. ಮಂಡಕ್ಕಿ ಪಾರ್ಸೆಲ್ ಬಂತು. ಮೆತ್ತಗಾಗಿತ್ತು, ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ಮೇಲೆ ಸರಿಹೋಯಿತು.

ನಿನ್ನ ಪತ್ರ ಓದಿ ಸಿಟ್ಟೇ ಬಂತು. ನಾನು ಪಾರ್ಕಿನಲ್ಲಿ ಪೈನ್ ಕಾಯಿ ಆರಿಸುತ್ತಿರುವ ಫೋಟೋ ನೋಡಿ, ಮಗಳಿಗೆ ದುಡ್ಡಿನ ತಾಪತ್ರಯ ಅಂತ ಅಪ್ಪಾಜಿ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಿದರಾ? ಅದು ಒಲೆಗಲ್ಲಮ್ಮಾ, ಆಫೀಸಿನ ಕ್ರಿಸ್‌ಮಸ್ ಊಟದ ಟೇಬಲ್ ಅಲಂಕಾರಕ್ಕೆ!

ಐದು ಟೇಬಲ್, ಆಫೀಸಿನವರು ಕೊಟ್ಟಿದ್ದು 20 ಪೌಂಡ್. ಹೂವಿನ ಅಂಗಡಿಯಲ್ಲಿ ಒಂದೇ ಒಂದು ಗುಚ್ಛಕ್ಕೆ 30 ಅಂದರು. ಸುಮ್ನೆ ಎದ್ದು ಬಂದೆ. ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಹೊತ್ತು ಉಳಿದ ಹೂವಿಗೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸುತ್ತಾರೆ, ನಮ್ಮಲ್ಲಿ ಸಂಜೆ ಮಾರು ಹೂವು ಚೌಕಾಶಿಗೆ ಸಿಗುವ ಹಾಗೆ. ಬಿಳಿ ಸೇವಂತಿಗೆ, ಕೆಂಪು ಕಾರ್ನೇಷನ್, ಎಲ್ಲ ಸೇರಿ ಎಂಟು ಪೌಂಡ್. ಗುಲಾಬಿ ಮುಟ್ಟಲಿಲ್ಲ, ಬೇಗ ತಲೆ ಬಗ್ಗಿಸುತ್ತದೆ. ಇವೆರಡೂ ಕಡ್ಡಿ ಓರೆಯಾಗಿ ಕತ್ತರಿಸಿ, ನೀರಿಗೆ ಮುಳುಗುವ ಎಲೆ ಕಿತ್ತು, ನೀರು ಬದಲಿಸುತ್ತಿದ್ದರೆ ಎರಡು ವಾರ ಬಾಳುತ್ತವೆ. ಹಸಿರಿಗೆ ಖರ್ಚೇ ಇಲ್ಲ. ಕ್ರಿಸ್‌ಮಸ್ ಮರ ಮಾರುವವನು ಬುಡ ಸವರಿ ಬಿಸಾಡಿದ್ದ ಕೊಂಬೆ ಕೇಳಿದೆ, ಒಂದು ಚೀಲ ತುಂಬ ಕೊಟ್ಟ. ಜೊತೆಗೆ ಕೆಲಸ ಮಾಡುವವಳ ಹಿತ್ತಲಿಂದ ಹಾಲಿ ಅನ್ನೋ ಗಿಡದ ಕೊಂಬೆ ಬಂತು. ಎಲೆ ತುಂಬ ಮುಳ್ಳು, ನಡುವೆ ಕುಂಕುಮದಂಥ ಕೆಂಪು ಹಣ್ಣು. ತಿನ್ನೋ ಹಾಗಿಲ್ಲ ಮತ್ತೆ.

ಆ ಪೈನ್ ಕಾಯಿ ನೆನೆದು ಮುಷ್ಟಿ ಹಿಡಿದ ಹಾಗೆ ಮುಚ್ಚಿಕೊಂಡಿದ್ದವು. ಓವನ್‌ನಲ್ಲಿ ಸಣ್ಣ ಬಿಸಿಗೆ ಇಟ್ಟೆ. ಒಂದೊಂದೇ ಚಟ್ ಚಟ್ ಅಂತ ಬಿಚ್ಚಿಕೊಂಡವು, ಮನೆಯೆಲ್ಲ ಅಂಟಿನ ಘಮ. ಕಿತ್ತಳೆಗೆ ಹೇರ್‌ಪಿನ್‌ನಿಂದ ತೂತು ಮಾಡಿ ನೀನು ಕಳಿಸಿದ ಲವಂಗ ಚುಚ್ಚಿದೆ, ಬೈಯಬೇಡ, ಅರ್ಧ ಪೊಟ್ಟಣ ಖಾಲಿ. ಹೂದಾನಿ ಬದಲು ನಿನ್ನ ಉಪ್ಪಿನಕಾಯಿ ಬಾಟಲಿಗಳು, ಹೂವು ವಾಲದಂತೆ ಬಾಯಿಗೆ ಟೇಪನ್ನು ಜಾಲರಿ ಥರ ಅಂಟಿಸಿದೆ. ಎಷ್ಟು ತೊಳೆದರೂ ಒಂದರಲ್ಲಿ ವಾಸನೆ ಹೋಗಿರಲಿಲ್ಲ. ನಮ್ಮ ಮ್ಯಾನೇಜರ್ ಮೂಗು ಅರಳಿಸಿ, ಇದು ಯಾವ ಹೂವು ಬೆಳ್ಳುಳ್ಳಿ ಥರ ಘಮ್ಮಂತಿದೆ ಅಂದರು! ಉಳಿದ ಸೇವಂತಿಗೆ ದಾರದಲ್ಲಿ ಕಟ್ಟಿ ನಾನೇ ಮುಡಿದೆ. ಇಲ್ಲಿ ಮುಡಿಯೋರೇ ಇಲ್ಲ, ಎಲ್ಲರೂ ತಿರುಗಿ ನೋಡಿದರು, ನೋಡಲಿ ಬಿಡು.

ಈಗ ಅಪ್ಪಾಜಿ ವಿಷಯ. ಹೋದ ತಿಂಗಳು ಹರಿಹರದ ಬಸ್ ಅಂತ ಹೊನ್ನಾಳಿ ಬಸ್ ಹತ್ತಿದವರು ಇನ್ನೇನು ಕಾಯುತ್ತಾರೆ? ಪೊರೆ ಬಲಿಯಲಿ ಅನ್ನೋದು ಹಳೇ ಕಾಲದ ಮಾತು. ಈಗ ಹೆಚ್ಚಿನವರು ಅವತ್ತೇ ಮನೆಗೆ ಬರುತ್ತಾರೆ. ಶುಗರ್ ಹತೋಟಿಯಲ್ಲಿರಬೇಕು, ಅದಕ್ಕೆ ಬೆಣ್ಣೆ ದೋಸೆ ಅಂಗಡಿ ಕಡೆ ವಾಕಿಂಗ್ ಬೇಡ ಅಂತ ಹೇಳು. ಡಾಕ್ಟರ್ ಹೇಳಿದ ದಿನಕ್ಕೆ ಒಪ್ಪಿಕೊಳ್ಳಿ. ದುಡ್ಡು ಶಿವು ಅಕೌಂಟಿಗೆ ಹಾಕಿದ್ದೇನೆ, ಮನೆ ರಿಪೇರಿಗೆ ಮುಟ್ಟಬಾರದು.

ನನಗೆ ಏನೂ ಕಡಿಮೆ ಇಲ್ಲ. ಹೀಟರ್ ಇದೆ, ಸ್ವೆಟರ್ ಮೂರಿವೆ, ಮೂರು ಹೊತ್ತೂ ತಿನ್ನುತ್ತೇನೆ, ದಪ್ಪ ಆಗಿದ್ದೇನೆ, ನಿಜವಾಗಲೂ. ಕೆಮ್ಮು ಕೂಡ ಈಗ ಇಲ್ಲ.

ನಾಲ್ಕಕ್ಕೇ ಕತ್ತಲು ಇಲ್ಲಿ, ಪೋಸ್ಟ್ ಮುಚ್ಚುತ್ತದೆ, ಓಡಬೇಕು. ಇದನ್ನು ಅಪ್ಪಾಜಿಗೆ ಗಟ್ಟಿಯಾಗಿ ಓದಿ ಹೇಳು. ತಾರೀಖು ಗೊತ್ತಾದ ಕೂಡಲೇ ಫೋನ್ ಮಾಡಿ, ಎಷ್ಟು ರಾತ್ರಿಯಾದರೂ.

ನಿನ್ನ ಪುಟ್ಟಿ