ಫ್ಲೋರೈಡ್: ಅಡುಗೆಯ ನೀರನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದನ್ನು ಅಮೆರಿಕದ ಯೂಟಾ ಮತ್ತು ಫ್ಲೋರಿಡಾ ರಾಜ್ಯಗಳು 2025ರಲ್ಲಿ ನಿಷೇಧಿಸಿದ ನಂತರ ಅದರ ಚರ್ಚೆ ನಮ್ಮಲ್ಲೂ ಕೇಳಿಬರುತ್ತಿದೆ. ಹಲ್ಲು ಹುಳುಕಾಗದಿರಲೆಂದು ಲೀಟರಿಗೆ 0.7 ಮಿಲಿಗ್ರಾಂ ಸೇರಿಸುವುದು ಸರಿಯೇ ಎಂಬುದು ಅಲ್ಲಿನ ವಾದ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳಲ್ಲಿ ಯಾರೂ ಏನನ್ನೂ ಬೆರೆಸಬೇಕಾಗಿಲ್ಲ. ಬಂಡೆಯೊಳಗಿನ ಖನಿಜಗಳಿಂದ ಕರಗಿದ ಫ್ಲೋರೈಡ್ ಕೊಳವೆಬಾವಿಯ ನೀರಿನೊಡನೆ ತಾನಾಗಿಯೇ ಮೇಲೆ ಬರುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪಬಹುದು.

ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2024ರಲ್ಲಿ ಹೊರತಂದ ವರದಿ, 0.7ರ ಪ್ರಮಾಣದ ಬಗ್ಗೆ ತೀರ್ಮಾನ ಹೇಳಲು ಮಾಹಿತಿ ಸಾಲದೆಂದಿತು. ಆದರೆ 1.5ಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮತ್ತೆ ಕಡಿಮೆಯಾಗಿರುವುದಕ್ಕೂ ನಂಟಿದೆಯೆಂದು ಸಾಧಾರಣ ಮಟ್ಟದ ವಿಶ್ವಾಸದಿಂದ ಹೇಳಿತು. ನಂಟು ಎಂದರೆ ಕಾರಣ ಸಾಬೀತಾಯಿತೆಂದಲ್ಲ, ನಿಜ. ಆದರೂ ಆ ವರದಿಯನ್ನು ಅಲ್ಲಿನವರಿಗಿಂತ ನಾವು ಹೆಚ್ಚು ಗಮನವಿಟ್ಟು ಓದಬೇಕು. ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದುಗಟ್ಟುವುದು, ಮೂಳೆ ಗಡುಸಾಗಿ ಬೆನ್ನು ಬಾಗದಂತಾಗುವುದು ಇವೆಲ್ಲ ನಮ್ಮ ಊರುಗಳಿಗೆ ಹೊಸ ಸುದ್ದಿಯಲ್ಲ.

ಊರೂರಿಗೆ ಶುದ್ಧ ನೀರಿನ ಘಟಕ ಬಂದಿರುವುದು ಒಳ್ಳೆಯ ಕೆಲಸ. ಆದರೆ ಅನೇಕ ಮನೆಗಳಲ್ಲಿ ಕ್ಯಾನಿನ ನೀರು ಕುಡಿಯುವುದಕ್ಕಷ್ಟೇ. ಅನ್ನ, ಸಾರು, ಮುದ್ದೆಗೆ ನಲ್ಲಿಯಲ್ಲಿ ಬರುವ ಕೊಳವೆಬಾವಿ ನೀರೇ ಗತಿ. ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಸಾಂದ್ರವಾಗುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳು ದಿನವೂ ಉಣ್ಣುವ ಶಾಲೆಯ ಬಿಸಿಯೂಟವೂ ಇಂಥ ನೀರಿನಲ್ಲಿ ಬೇಯುವುದಾದರೆ, ಅವರಿಗೆ ಲೋಟದಲ್ಲಿ ಶುದ್ಧ ನೀರು ಕೊಟ್ಟು ತಟ್ಟೆಯಲ್ಲಿ ಅದೇ ಫ್ಲೋರೈಡನ್ನು ಬಡಿಸಿದಂತಾಗುತ್ತದೆ.

ನದಿ ನೀರು ಪ್ರತಿ ಹಳ್ಳಿಯನ್ನೂ ವರ್ಷವಿಡೀ ತಲುಪುವವರೆಗೆ, ಫ್ಲೋರೈಡ್ ಪೀಡಿತ ತಾಲ್ಲೂಕುಗಳ ಶಾಲೆ ಮತ್ತು ಅಂಗನವಾಡಿಗಳ ಅಡುಗೆಗೂ ಘಟಕದ ನೀರನ್ನೇ ಉಚಿತವಾಗಿ ಒದಗಿಸಬೇಕೆಂದು ಸರ್ಕಾರವನ್ನು ಕೋರುತ್ತೇನೆ. ನೀರು ಸೋಸುವ ಪೊರೆ ಹಳೆಯದಾದ ಘಟಕ ಫ್ಲೋರೈಡನ್ನು ಸರಿಯಾಗಿ ತಡೆಯುವುದಿಲ್ಲವಾದ್ದರಿಂದ, ಘಟಕದಿಂದ ಹೊರಬರುವ ನೀರನ್ನೂ ನಲ್ಲಿಯ ನೀರನ್ನೂ ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ದಿನಾಂಕದೊಂದಿಗೆ ಬರೆಸಬೇಕು.

– ಓದುಗ, ಪಾವಗಡ ತಾಲ್ಲೂಕು