ಈಜುಕೊಳಕ್ಕೆ ಗುಂಡಿ ತೋಡುವ ಮೊದಲು ಬಾವಿ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯಲ್ಲಿ ಹೊಸ ಮನೆ ಕಟ್ಟಿಸುವ ಕೆಲವರು ಈಗೀಗ ಅಂಗಳದಲ್ಲೊಂದು ಈಜುಕೊಳವೂ ಬೇಕು ಅನ್ನುತ್ತಾರೆ. ಗಲ್ಫ್‌ನಿಂದ ಮಕ್ಕಳು ರಜೆಗೆ ಬರುತ್ತಾರೆ, ಮೊಮ್ಮಕ್ಕಳು ನೀರಾಡಬೇಕು. ಒಳ್ಳೆಯ ಆಸೆಯೇ. ಆದರೆ ನೆಲ ಅಗೆದು ಕಟ್ಟುವುದೋ, ನೆಲದ ಮೇಲೆ ನಿಲ್ಲಿಸುವುದೋ ಎಂಬುದನ್ನು ಮೊಬೈಲಿನ ಫೋಟೊ ನೋಡಿ ತೀರ್ಮಾನಿಸುತ್ತಿದ್ದಾರೆ. ಬ್ರಹ್ಮಾವರದ ಸುತ್ತಮುತ್ತ ಮನೆ ಕಟ್ಟುವ ಕೆಲಸ ಮಾಡುವ ನನಗೆ ಇದು ಹೆದರಿಕೆ ಹುಟ್ಟಿಸುತ್ತದೆ.

ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಜಡಿಮಳೆಯ ಹೊತ್ತಿನಲ್ಲಿ, ನಿಮ್ಮ ಬಾವಿಗೆ ಇಣುಕಿ. ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಜಾಗಗಳಲ್ಲಿ ನೀರು ಕೈಗೆಟುಕುವಷ್ಟು ಮೇಲೆ ಬಂದಿರುತ್ತದೆ. ಅದೇ ನೀರು ಕೊಳದ ಅಡಿಯಲ್ಲೂ ಇರುತ್ತದೆ. ಕೊಳ ತುಂಬಿದ್ದರೆ ಚಿಂತೆಯಿಲ್ಲ. ಪಾಚಿ ಕಟ್ಟಿತೆಂದು ಜುಲೈಯಲ್ಲಿ ಖಾಲಿ ಮಾಡಿದಿರೋ, ಅಲ್ಲಿಗೆ ಕಷ್ಟ ಶುರು. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಕೊಳದ ಸುತ್ತ ನೀರು ಅಂಚಿನ ತನಕ ಏರಿದ್ದರೆ, ಅದು 22 ಟನ್ನಿಗೂ ಜಾಸ್ತಿ ಬಲದಿಂದ ಕೊಳವನ್ನು ಮೇಲೆತ್ತುತ್ತದೆ. ಅರ್ಧ ಅಡಿ ದಪ್ಪದ ಕಾಂಕ್ರೀಟ್ ತೊಟ್ಟಿಯ ತೂಕ ಸುಮಾರು 15 ಟನ್. ಖಾಲಿ ದೋಣಿಯಂತೆ ಏಳದೆ ಇನ್ನೇನು ಮಾಡೀತು? ಹೀಗೆ ತಳ ಉಬ್ಬಿ, ಟೈಲ್ಸ್ ಸಿಡಿದ ಕೊಳ ನೋಡಿದ್ದೇನೆ. ಫೈಬರ್ ತೊಟ್ಟಿ ಇನ್ನೂ ಹಗುರ.

ಮಳೆಗಾಲದಲ್ಲೂ ಬಾವಿಯ ನೀರು ಆಳದಲ್ಲೇ ಉಳಿಯುವ ಎತ್ತರದ ಜಾಗವಾದರೆ ಅಗೆದು ಕಟ್ಟಿಸಿ. ಆಗಲೂ ಸುತ್ತ ಜಲ್ಲಿ ತುಂಬಿಸಿ ನೀರು ಬಸಿಯುವ ಪೈಪ್ ಹಾಕಿಸಿ, ತಳದಲ್ಲಿ ಒತ್ತಡ ಇಳಿಸುವ ವಾಲ್ವ್ ಇರಲಿ. ತಗ್ಗಿನ ಜಾಗದವರಿಗೆ ಸ್ಟೀಲ್ ಫ್ರೇಮಿನ, ಪಿವಿಸಿ ಹಾಳೆಯ ಕೊಳವೇ ಸರಿ. ಸಮತಟ್ಟು ಮಾಡಿದ ನೆಲದ ಮೇಲೆ ನಿಲ್ಲಿಸಿ, ಮೇ ಕೊನೆಗೆ ಬಿಚ್ಚಿ ಒಣಗಿಸಿ ಮಡಚಿಡಬಹುದು. 15 ಅಡಿ ಅಗಲ, 4 ಅಡಿ ಎತ್ತರದ ದುಂಡು ಕೊಳಕ್ಕೆ ಸುಮಾರು 17,000 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಅಕ್ಕಪಕ್ಕದ ಬಾವಿಗಳೂ ಬತ್ತುವ ಹೊತ್ತದು. ಫಿಲ್ಟರ್ ಓಡಿಸಿ, ಕ್ಲೋರಿನ್ ಅಳತೆ ನೋಡಿಕೊಂಡು ಅದೇ ನೀರನ್ನು ಉಳಿಸಿಕೊಳ್ಳಿ.

ಈ ಫ್ರೇಮಿನ ಕೊಳವನ್ನು ತಾರಸಿ ಮೇಲೆ ಮಾತ್ರ ಇಡಬೇಡಿ. ಎರಡೂವರೆ ಅಡಿ ನೀರೆಂದರೆ ಚದರ ಮೀಟರಿಗೆ 760 ಕಿಲೋ. ಮನೆಯ ತಾರಸಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಹೊರೆ 150 ಕಿಲೋ. ಸುಮ್ನೆ ಎರಡು ದಿನಕ್ಕೆ ಅಲ್ವಾ ಅನ್ನುವವರಿದ್ದಾರೆ. ಸ್ಲ್ಯಾಬ್ ದಿನ ಎಣಿಸುವುದಿಲ್ಲ.

ಇನ್ನು ಮಕ್ಕಳ ಮಾತು. ಪುಟ್ಟ ಮಗು ಮುಳುಗುವಾಗ ಕೂಗುವುದೂ ಇಲ್ಲ, ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ನೆಲದ ಮೇಲಿನ ಕೊಳಕ್ಕಾದರೆ ಆಟ ಮುಗಿದ ಕೂಡಲೇ ಏಣಿ ತೆಗೆದಿಡಬಹುದು. ನೆಲದೊಳಗಿನದಕ್ಕೆ ನಾಲ್ಕೂ ಕಡೆ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು ಬೇಕೇ ಬೇಕು. ಅಂದ ಕೆಡುತ್ತದೆ ಎಂದು ಬಿಟ್ಟುಬಿಡುವವರೇ ಜಾಸ್ತಿ. ಮನೆ ಕಟ್ಟಲು ಲೈಸೆನ್ಸ್ ಕೊಡುವಾಗ ನಕ್ಷೆಯಲ್ಲಿ ಕೊಳ ಕಂಡರೆ, ಬೇಲಿ ಎಲ್ಲಿ, ಮಳೆಗಾಲದಲ್ಲಿ ಬಾವಿಯ ನೀರು ಎಲ್ಲಿಗೆ ಬರುತ್ತದೆ ಎಂದು ಪಂಚಾಯಿತಿಯವರು ಕೇಳಲಿ.

– ಒಬ್ಬ ಕಟ್ಟಡ ಗುತ್ತಿಗೆದಾರ, ಬ್ರಹ್ಮಾವರ